ಬೆಸುಗೆ ಬಲ್ಲ ಕೈಗೆ ದೂರಶಿಕ್ಷಣ ಬೇಕೇ?

ಗಂಗಾವತಿಯ ಓದುಗರೊಬ್ಬರ ಪತ್ರದ ಸಾರ ಇದು: "ನನಗೆ 24 ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ, ಪಿಯುಸಿ ಅರ್ಧಕ್ಕೆ ನಿಂತಿತು. ಆರು ವರ್ಷಗಳಿಂದ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕೆಲಸ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಸೇರಿ ಮುಂದೆ ಫೋರ್‌ಮನ್ ಆಗುವ ಆಸೆಯಿದೆ. ಇಲ್ಲಿನ ಒಂದು ಕೇಂದ್ರದವರು 40,000 ರೂಪಾಯಿ ಕಟ್ಟಿದರೆ ತರಗತಿಗೆ ಬಾರದೆಯೇ ಒಂದು ವರ್ಷದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಕೊಡಿಸುತ್ತೇವೆ ಎನ್ನುತ್ತಾರೆ. ಅವ್ವ ಕಟ್ಟು ಎನ್ನುತ್ತಾಳೆ, ಭಾವ ಬೇಡ ಎನ್ನುತ್ತಾರೆ. 3,000 ಮುಂಗಡ ಕೊಟ್ಟಾಗಿದೆ. ಏನು ಮಾಡಲಿ?"

ಭಾವನ ಮಾತು ಕೇಳಿ. ಉಳಿದ 37,000 ರೂಪಾಯಿಯನ್ನು ಕಟ್ಟಬೇಡಿ.

ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷದ ಓದು. ಎಂಜಿನಿಯರಿಂಗ್ ಡಿಪ್ಲೊಮಾ, ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡಲು ತಾಂತ್ರಿಕ ಶಿಕ್ಷಣದ ಮೇಲ್ವಿಚಾರಣೆ ನೋಡುವ ಕೇಂದ್ರ ಸಂಸ್ಥೆ ಎಐಸಿಟಿಇ ಒಪ್ಪುವುದಿಲ್ಲ. ಎಐಸಿಟಿಇ ಒಪ್ಪಿಗೆಯಿಲ್ಲದೆ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಹೀಗೆ ಹಂಚಿದ್ದ ಎಂಜಿನಿಯರಿಂಗ್ ಪದವಿಗಳ ಮೇಲೆ 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ, ವರ್ಷಗಳ ಹಿಂದೆ ಪಾಸಾಗಿ ನೌಕರಿಯಲ್ಲಿದ್ದವರ ಪದವಿಗಳೂ ಅಮಾನತಿಗೆ ಒಳಗಾದವು. ವಿಶ್ವವಿದ್ಯಾಲಯದ ಮುದ್ರೆಯಿದ್ದ ಕಾಗದದ ಗತಿಯೇ ಅದಾದರೆ, ನಿಮ್ಮ ಊರಿನ ಕೇಂದ್ರದ ಕಾಗದವನ್ನು ಯಾರು ಕೇಳುತ್ತಾರೆ? ನಾಳೆ ಅದೇ ಕೇಂದ್ರದವರು "ಡಿಪ್ಲೊಮಾ ಬೇಡವಾದರೆ ಮನೆಯಿಂದಲೇ ಐಟಿಐ ಮಾಡಿ" ಎಂದರೂ ನಂಬಬೇಡಿ. ಐಟಿಐ ಸೇರಿ ಓದುವವರು ಪರೀಕ್ಷೆಗೆ ಕೂರಲು ಶೇ 80 ಹಾಜರಾತಿ ಬೇಕು.

ಕಾಗದದ ಮಾತು ಹಾಗಿರಲಿ, ಕೆಲಸದ ಮಾತಿಗೆ ಬರೋಣ. ಟ್ರೇಲರ್‌ನ ಚಾಸಿಸ್ಸಿಗೆ ನೀವು ಹಾಕುವ ಬೆಸುಗೆ ಬಹುಪಾಲು ಮಟ್ಟಸ ಜಾಗದ್ದು. ತಪ್ಪಿದರೆ ಗ್ರೈಂಡರ್ ಹಿಡಿದು ಉಜ್ಜಿ ಇನ್ನೊಮ್ಮೆ ಹಾಕುತ್ತೀರಿ. ದೊಡ್ಡ ಕಾರ್ಖಾನೆಯ ಪೈಪ್ ಕೆಲಸಕ್ಕೆ ಹೋದರೆ, ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು, ಅದನ್ನು ತಿರುಗಿಸದೆ ಸುತ್ತಲೂ ಬೆಸೆಯಲು ಹೇಳುತ್ತಾರೆ. ಅದೇ ಸಿಕ್ಸ್ ಜಿ ಪರೀಕ್ಷೆ. ಕೆಳಭಾಗಕ್ಕೆ ಬಂದಾಗ ಕರಗಿದ ಲೋಹ ಜೋತು ಬೀಳುತ್ತದೆ. ರಾಡಿನ ಕೋನ ಚೂರು ತಪ್ಪಿದರೆ ಸ್ಲ್ಯಾಗ್, ಅಂದರೆ ರಾಡಿನ ಲೇಪ ಕರಗಿ ಆಗುವ ಕಿಟ್ಟ, ಒಳಗೇ ಉಳಿಯುತ್ತದೆ. ಮೇಲೆ ನೋಡಿದರೆ ಬೆಸುಗೆಯ ಗೆರೆ (ಬೀಡ್) ಚೆನ್ನಾಗಿಯೇ ಕಾಣುತ್ತದೆ, ಎಕ್ಸ್‌ರೇ ತೆಗೆದಾಗ ಕಪ್ಪು ಗೆರೆ ಹೊರಬೀಳುತ್ತದೆ. ಇದನ್ನು ಯಾವ ವಿಡಿಯೊ ಪಾಠವೂ ಕಲಿಸದು. ಪಕ್ಕದಲ್ಲಿ ನಿಂತು "ಕೈ ಇಳಿಸು, ಆರ್ಕ್ ಗಿಡ್ಡ ಮಾಡು" ಎನ್ನುವ ಮೇಸ್ತ್ರಿ ಬೇಕು, ಹಾಳು ಮಾಡಲು ಪೈಪಿನ ತುಂಡುಗಳು ಬೇಕು.

ಹಾಗಾದರೆ ದಾರಿ? ತರಗತಿಗೆ ಹೋಗಿ ಐಟಿಐ ಮಾಡುವುದು. ಅಲ್ಲಿ ವೆಲ್ಡರ್ ಟ್ರೇಡ್ ಒಂದು ವರ್ಷದ್ದು, ಯಂತ್ರದ ಭಾಗಗಳನ್ನು ಜೋಡಿಸುವ ಫಿಟ್ಟರ್ ಟ್ರೇಡ್ ಎರಡು ವರ್ಷದ್ದು. ವೆಲ್ಡಿಂಗ್ ಗೊತ್ತಿರುವುದರಿಂದ ನಿಮ್ಮ ಮನಸ್ಸು ಸಹಜವಾಗಿ ಮೊದಲನೆಯದಕ್ಕೆ ಎಳೆಯಬಹುದು. ನಾನು ಫಿಟ್ಟರ್ ಎನ್ನುತ್ತೇನೆ. ಎಸ್ಸೆಸ್ಸೆಲ್ಸಿಯ ಮೇಲೆ ಎರಡು ವರ್ಷದ ಐಟಿಐ ಆದವರಿಗೆ ಪಾಲಿಟೆಕ್ನಿಕ್ಕಿನ ಎರಡನೇ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ. ಫೋರ್‌ಮನ್ ಆಗಬೇಕೆನ್ನುವವರಿಗೆ ಆ ಬಾಗಿಲು ತೆರೆದಿರಬೇಕು. ಎರಡು ವರ್ಷ ಸಂಬಳ ಬಿಡುವುದು ಸಣ್ಣ ಮಾತಲ್ಲ ಎಂಬುದು ಗೊತ್ತು. ಆಗದಿದ್ದರೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯಲ್ಲೇ ಕಲಿಯುವ ಅವಕಾಶವಿದೆ. ಸ್ಟೈಪೆಂಡ್ ನಿಮ್ಮ ಈಗಿನ ಕೂಲಿಗಿಂತ ಕಡಿಮೆಯಾಗಬಹುದು. ಆದರೆ ಕೊನೆಗೆ ಸಿಗುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರಕ್ಕೆ ದೇಶದಲ್ಲೆಲ್ಲ ಬೆಲೆಯಿದೆ. ಇವೆರಡೂ ಬೇಡವೆಂದರೆ, ಅನುಭವವಿರುವ ಕೆಲಸಗಾರರು ಖಾಸಗಿ ಅಭ್ಯರ್ಥಿಯಾಗಿ ಐಟಿಐ ಪರೀಕ್ಷೆ ಬರೆಯುವ ಅವಕಾಶದ ಬಗ್ಗೆ ಹತ್ತಿರದ ಸರ್ಕಾರಿ ಐಟಿಐಯ ಪ್ರಾಚಾರ್ಯರನ್ನು ವಿಚಾರಿಸಿ. ಮಾಲೀಕರಿಂದ ಆರು ವರ್ಷದ ಅನುಭವಪತ್ರ ಬರೆಸಿಕೊಂಡು ಹೋಗಿ.

ಇಷ್ಟೆಲ್ಲ ಹೇಳಿದೆನೆಂದು ದೂರಶಿಕ್ಷಣವೇ ದಂಡ ಎಂದುಕೊಳ್ಳಬೇಡಿ. ಅರ್ಧಕ್ಕೆ ಬಿಟ್ಟ ಪಿಯುಸಿಗೆ ಸಮನಾದ ಪರೀಕ್ಷೆಯನ್ನು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಿಂದ ಕೆಲಸ ಬಿಡದೆ ಬರೆಯಬಹುದು. ಮುಂದೆ ಸ್ವಂತ ವರ್ಕ್‌ಶಾಪ್ ಇಟ್ಟರೆ ಲೆಕ್ಕಪತ್ರ, ಜಿಎಸ್‌ಟಿ ತಿಳಿಯಲು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಬಿ.ಕಾಂ. ಸಾಕು. ಇನ್ನು ವೆಲ್ಡಿಂಗ್ ಚಿಹ್ನೆ, ಡ್ರಾಯಿಂಗ್ ಓದುವುದು, ಸುರಕ್ಷತೆಯ ನಿಯಮ ಇವೆಲ್ಲ ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲೇ ಕಲಿಯುವಂಥವು. ಕೇಂದ್ರ ಸರ್ಕಾರದ ಭಾರತ್ ಸ್ಕಿಲ್ಸ್ ಜಾಲತಾಣದಲ್ಲಿ ಐಟಿಐ ಪಾಠ, ಪ್ರಶ್ನೆಕೋಶ ಬಿಟ್ಟಿಯಾಗಿಯೇ ಸಿಗುತ್ತವೆ. ಡ್ರಾಯಿಂಗ್ ಓದಲು ಬಾರದ ವೆಲ್ಡರ್‌ಗೆ ಫೋರ್‌ಮನ್ ಕುರ್ಚಿ ಸಿಗುವುದು ಕಷ್ಟ. ಆದ್ದರಿಂದ ಅಲ್ಲಿಂದಲೇ ಶುರು ಮಾಡಿ.

ಅವ್ವನ ವಿಚಾರ. ಡಿಪ್ಲೊಮಾ ಎಂದರೆ ಹೆಣ್ಣು ಕೊಡುವವರ ಮುಂದೆ ಹೇಳಿಕೊಳ್ಳಲು ಒಂದು ಮಾತಾಗುತ್ತದೆ ಎಂಬ ಆಸೆ ಅವರದಿರಬಹುದು. ತಪ್ಪೇನಿಲ್ಲ. ಆದರೆ ಕಾರ್ಖಾನೆಯಲ್ಲಿ ದಾಖಲೆ ಪರಿಶೀಲಿಸುವಾಗ ಆ ಕಾಗದ ತಿರಸ್ಕೃತವಾದರೆ ಏನಾಗುತ್ತದೆ ಎಂದು ಭಾವನವರೇ ಕೂತು ತಿಳಿಸಿ ಹೇಳಲಿ.

ಕೊಟ್ಟ 3,000ದ ಬಗ್ಗೆ. ರಸೀದಿ ಇದ್ದರೆ ಅದರ ಪ್ರತಿಯೊಂದಿಗೆ ಹಣ ವಾಪಸ್ ಕೇಳಿ ಪತ್ರ ಬರೆಯಿರಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಡಿಪ್ಲೊಮಾ ಯಾವ ಮಂಡಳಿಯದು, ಎಐಸಿಟಿಇ ಒಪ್ಪಿಗೆ ಎಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನೂ ಅದರಲ್ಲೇ ಸೇರಿಸಿ. ಉತ್ತರ ಬಾರದಿದ್ದರೆ ಕೊಪ್ಪಳದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಸಲಹೆ ಕೇಳಿ. ರಸೀದಿಯೇ ಕೊಟ್ಟಿಲ್ಲವೆಂದರೆ ಹಣ ಮರಳುವುದು ಕಷ್ಟ. ಅದರ ಬೆನ್ನು ಹತ್ತಿ ವರ್ಕ್‌ಶಾಪಿನ ಕೂಲಿ ಕಳೆದುಕೊಳ್ಳಬೇಡಿ.

— ಸಂಪಾದಕ