‘ಇಲ್ಲಿ ಎಲ್ಲಾ ಆರಾಮ’ ಅಂತ ಬರೆದ ಪತ್ರಗಳು

(ಗಂಡ-ಹೆಂಡತಿ ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಆಪ್ತಸಲಹೆಗೆ ಬಂದವರು ಬೆಳಗಾವಿ ಕಡೆಯ ಹೆಣ್ಣುಮಗಳು, ಐವತ್ತು ದಾಟಿದೆ. ಗಂಡ ಸೈನ್ಯದ ತೋಪಖಾನೆಯಲ್ಲಿದ್ದು ನಿವೃತ್ತರಾದವರು. ಕೂತ ಕೂಡಲೇ ಚೀಲದಿಂದ ಇನ್‌ಲ್ಯಾಂಡ್ ಪತ್ರಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟರು. "ಇಪ್ಪತ್ತೈದು ವರ್ಷ ಸುಳ್ಳ ಕಟ್ಟಿ ಇಟ್ಕೊಂಡಿದ್ದೆ ನೋಡ್ರಿ ಮೇಡಂ."

ಆದದ್ದಿಷ್ಟು. ಮಗಳ ಮದುವೆಗೆ ಬಂದಿದ್ದ ಗಂಡನ ಹಳೇ ಜೊತೆಗಾರರೊಬ್ಬರು ಊಟ ಆದ ಮೇಲೆ ಮಾತಿಗೆ ಕೂತು, 1999ರ ಜೂನ್‌ನಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ದ್ರಾಸ್‌ನಲ್ಲಿ ತಮ್ಮ ಬೋಫೋರ್ಸ್ ತೋಪಿನ ಪಕ್ಕದಲ್ಲೇ ಶೆಲ್ ಬಿದ್ದದ್ದನ್ನು ಹೇಳಿದರಂತೆ. ಇವರು ಆ ರಾತ್ರಿಯೇ ಟ್ರಂಕು ತೆಗೆದು ಅದೇ ವಾರದ ಪತ್ರ ಹುಡುಕಿದರು. ಅದರಲ್ಲಿದ್ದದ್ದು: ಮಳೆ ಆತೇನು, ಎಡಗಡೆ ಎತ್ತಿಗೆ ಹಿಂಡಿ ಜಾಸ್ತಿ ಹಾಕು, ಇಲ್ಲಿ ಸ್ವಲ್ಪ ಚಳಿ, ಉಳಿದದ್ದೆಲ್ಲಾ ಆರಾಮ. ಪೆನ್ಸಿಲ್ ಬರಹ. ಮೂಲೆಯಲ್ಲಿ ಸೀಮೆಎಣ್ಣೆ ಸ್ಟೌವಿನ ಮಸಿ ಹತ್ತಿದ ಬೆರಳಿನ ಗುರುತು.

56 ಎ.ಪಿ.ಒ. ಅನ್ನೋ ಸೈನ್ಯದ ಅಂಚೆ ಮೂಲಕ ಬರುತ್ತಿದ್ದ ಪತ್ರದಲ್ಲಿ ಇರುವ ಜಾಗ, ನಡೆಯುತ್ತಿರುವ ಕೆಲಸ ಬರೆಯುವ ಹಾಗಿರಲಿಲ್ಲ ಅಂತ ಹೇಳಿದೆ. ಸಿಟ್ಟು ಇಳಿಯಲಿಲ್ಲ. ಇಳಿಯಬೇಕಾಗಿಯೂ ಇರಲಿಲ್ಲ, ಯಾಕಂದ್ರೆ ಅವರ ನಿಜವಾದ ದೂರು ಪತ್ರದ್ದಲ್ಲ, ಮನೆಗೆ ಬಂದ ಮೇಲೂ ಆ ಮನುಷ್ಯ ಬಾಯಿ ಬಿಡಲಿಲ್ಲ ಅನ್ನೋದು.

ಆಗ ಸುಮ್ನೆ ಕೇಳಿದೆ, "ನೀವೇನು ಬರೀತಿದ್ರಿ?"

ತುಂಬಾ ಹೊತ್ತು ಸುಮ್ಮನಿದ್ದು, ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟರು. ಆ ಎತ್ತು ಮೇ ತಿಂಗಳಲ್ಲೇ ಸತ್ತಿತ್ತು! ಇವರು ಎರಡು ತಿಂಗಳು "ಎತ್ತು ಚಲೋ ಐತ್ರಿ" ಅಂತ ಬರೆಯುತ್ತಲೇ ಇದ್ದರು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ವಾರಕ್ಕೊಂದೇ ಪತ್ರ, ನೀವೇ ಗಟ್ಟಿಯಾಗಿ ಓದಿ. ‘ಅವತ್ತು ಏನಾಯ್ತು’ ಅಂತ ಕೇಳಲೇಬೇಡಿ, ಅದು ವಿಚಾರಣೆ ಆಗುತ್ತೆ. ‘ಇದನ್ನ ಎಲ್ಲಿ ಕೂತು ಬರೆದ್ರಿ, ಯಾವುದರ ಮೇಲೆ ಇಟ್ಕೊಂಡು ಬರೆದ್ರಿ’ ಅಂತ ಕೇಳಿ. ಅವರು ಎದ್ದು ಹೋದರೆ ಹೋಗಲಿ, ಹಿಂದೆ ಹೋಗಬೇಡಿ. ಮೊದಲು ಎತ್ತಿನ ಸಂಗತಿ ನೀವೇ ಒಪ್ಪಿಕೊಳ್ಳಿ.

ಇನ್ನೊಂದನ್ನು ನಾನು ಮೊದಲೇ ಗಮನಿಸಬೇಕಿತ್ತು. ಮೂರನೇ ಭೇಟಿಗೆ ಗಂಡನೂ ಬಂದಾಗ, ನನ್ನ ಪ್ರಶ್ನೆಗೆಲ್ಲ ಬಲಗಿವಿ ಮುಂದೆ ಮಾಡುತ್ತಿದ್ದರು. ವರ್ಷಗಟ್ಟಲೆ ತೋಪಿನ ಪಕ್ಕ ನಿಂತವರ ಕಿವಿ ಮಂದವಾಗೋದು ಹೊಸದೇನಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಪಾಲಿಕ್ಲಿನಿಕ್‌ಗೆ ಕಳಿಸಿದೆ, ಎಡಗಿವಿ ಸಾಕಷ್ಟು ಹೋಗಿದೆ. ಹೆಂಡತಿ ‘ಮಾತಾಡಲ್ಲ’ ಅಂದುಕೊಂಡಿದ್ದರಲ್ಲಿ ಒಂದಿಷ್ಟು, ಅವರಿಗೆ ಕೇಳಿಸಿಯೇ ಇರಲಿಲ್ಲ. ದೀಪಾವಳಿ ಪಟಾಕಿಗೆ ಒಳಕೋಣೆ ಸೇರಿ ಬಾಗಿಲು ಹಾಕಿಕೊಳ್ಳುವುದು ಮಾತ್ರ ಬೇರೆ ವಿಷಯ. ಅದಕ್ಕೆ ಮನೋವೈದ್ಯರನ್ನು ಕಾಣಲು ಹೇಳಿದ್ದೇನೆ, ನಡುರಾತ್ರಿ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರೂ ಕೊಟ್ಟಿದ್ದೇನೆ. ಇನ್ನೂ ಹೋಗಿಲ್ಲ.

ಎತ್ತಿನ ಸುದ್ದಿ ಕೇಳಿ ಅವರು ಅಂದದ್ದು: "ಗೊತ್ತಿತ್ತು ಬಿಡು. ಹಿಂಡಿಗೆ ರೊಕ್ಕ ಕೇಳೋದು ಬಿಟ್ಟಿದ್ದಿ."