ಮದುವೆ ಡಿವಿಡಿಯನ್ನು ಕಂಪ್ರೆಸ್ ಮಾಡದೆ ಕಾಪಿ ತೆಗೆದರೆ ಮೂಲದ ಕ್ವಾಲಿಟಿಯೇ ಇರುತ್ತಾ?

ಇರುತ್ತದೆ. ಚೂರೂ ವ್ಯತ್ಯಾಸ ಬರುವುದಿಲ್ಲ. ನೀವು ಹೆದರಬೇಕಾದ್ದು ಬೇರೆ ಕಡೆ ಇದೆ. ಅದನ್ನು ನಾನು ನಮ್ಮ ಅಕ್ಕನ ಮದುವೆ ಡಿಸ್ಕ್ ಕಳೆದುಕೊಂಡು ಕಲಿತೆ.

2008ರಲ್ಲಿ ಅಕ್ಕನ ಮದುವೆಯಾಯಿತು. ಸ್ಟುಡಿಯೋದವರು ಎರಡು ಪದರದ, 8.5 ಜಿಬಿ ಹಿಡಿಸುವ ಡಿವಿಡಿಯಲ್ಲಿ ವಿಡಿಯೋ ಕೊಟ್ಟರು. ನಾನು ಮನೆಗೊಂದು ಕಾಪಿ ಇಟ್ಟುಕೊಂಡು ಮೂಲವನ್ನು ಅಕ್ಕನಿಗೆ ಕೊಡೋಣ ಅಂದುಕೊಂಡೆ. ನಮ್ಮ ಬೀದಿಯ ಅಂಗಡಿಯಲ್ಲಿ ಸಿಗುತ್ತಿದ್ದದ್ದು 4.7 ಜಿಬಿಯ ಖಾಲಿ ಡಿಸ್ಕ್ ಮಾತ್ರ. ಎರಡು ಪದರದ್ದು ಬೇಕಾದರೆ ಪೇಟೆಗೆ ಹೋಗಬೇಕು, ದುಡ್ಡೂ ಜಾಸ್ತಿ. ದೊಡ್ಡ ಡಿಸ್ಕನ್ನು ಚಿಕ್ಕದರಲ್ಲಿ ಹಿಡಿಸುವ ಉಚಿತ ಸಾಫ್ಟ್‌ವೇರ್ ಒಂದಿತ್ತು. ಹಾಕಿದೆ, ಒತ್ತಿದೆ, ಮುಗಿಯಿತು.

ಅದು ಒಳಗೆ ಮಾಡಿದ್ದೇನು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಡಿವಿಡಿಯಲ್ಲಿ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಗಳ ಪುಟ್ಟ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನು ಕೆಲವು ಸಂಖ್ಯೆಗಳಲ್ಲಿ ಬರೆದಿಟ್ಟಿರುತ್ತಾರೆ. ಈ ಸಾಫ್ಟ್‌ವೇರ್ ಆ ಸಂಖ್ಯೆಗಳನ್ನೇ ಒರಟಾಗಿ ರೌಂಡ್ ಮಾಡಿ ಜಾಗ ಉಳಿಸುತ್ತದೆ. ಪೂರ್ತಿ ಚಿತ್ರ ಬರುವುದು ಹೆಚ್ಚುಕಮ್ಮಿ ಅರ್ಧ ಸೆಕೆಂಡಿಗೆ ಒಂದು. ನಡುವಿನ ಚಿತ್ರಗಳಲ್ಲಿ ಅಕ್ಕಪಕ್ಕದ ಚಿತ್ರಕ್ಕಿಂತ ಏನು ಬದಲಾಯಿತು ಅನ್ನೋದಷ್ಟೇ ಇರುತ್ತದೆ. ಹಾಗಾಗಿ ಒಂದರಲ್ಲಾದ ತಪ್ಪು ಮುಂದಿನದಕ್ಕೂ ಅಂಟಿಕೊಂಡು ಹೋಗುತ್ತದೆ. ಅಲುಗಾಡದ ದೃಶ್ಯದಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ.

ನಾನು ಪರೀಕ್ಷೆ ಮಾಡಿದ್ದು ಶುರುವಿನ ಗಣಪತಿ ಪೂಜೆ ನೋಡಿ! ಕ್ಯಾಮೆರಾ ಸ್ಟ್ಯಾಂಡ್ ಮೇಲೆ, ಪುರೋಹಿತರು ಕೂತಲ್ಲೇ, ನಮ್ಮದು ಹಳೇ ಡಬ್ಬಾ ಟಿವಿ. ಎರಡೂ ಒಂದೇ ಥರ ಕಂಡವು. ಮೂಲ ಡಿಸ್ಕ್ ಅಕ್ಕನ ಜೊತೆ ಹೋಯಿತು.

ಆಮೇಲೆ ಮನೆಗೆ ದೊಡ್ಡ ಎಲ್‌ಇಡಿ ಟಿವಿ ಬಂತು. ಎಲ್ಲರೂ ಕೂತು ನೋಡಿದೆವು. ಗಟ್ಟಿಮೇಳ ಶುರುವಾಯಿತು, ಭಾವ ತಾಳಿ ಕಟ್ಟುತ್ತಿದ್ದಾರೆ, ಸುತ್ತಲಿಂದ ಅಕ್ಷತೆ ಬೀಳುತ್ತಿದೆ, ಫೋಟೋದವರ ಫ್ಲ್ಯಾಶ್ ಬೇರೆ. ಪರದೆ ತುಂಬ ಬರೀ ಚೌಕಗಳು. ಅಕ್ಕನ ಮುಖ ಕಲೆಸಿಹೋಗಿದೆ. ಸಾವಿರಾರು ಕಾಳು ಒಂದೊಂದು ದಿಕ್ಕಿಗೆ ಹಾರುವ ದೃಶ್ಯಕ್ಕಿಂತ ಕಷ್ಟದ್ದು ವಿಡಿಯೋ ಕಂಪ್ರೆಷನ್‌ಗೆ ಸಿಗುವುದು ಅಪರೂಪ. ನಮ್ಮ ಮದುವೆಗಳಲ್ಲಿ ಮುಖ್ಯವಾದ ನಿಮಿಷವೇ ಅದು, ಅಲ್ವಾ? ಅಕ್ಕನಿಗೆ ಫೋನ್ ಮಾಡಿದರೆ, ಮೂಲ ಡಿಸ್ಕ್ ಕಿಟಕಿ ಪಕ್ಕದ ಶೆಲ್ಫಿನಲ್ಲಿತ್ತಂತೆ, ಈಗ ಯಾವ ಡ್ರೈವ್‌ನಲ್ಲೂ ಓದುತ್ತಿಲ್ಲ ಅಂದಳು. ಮನೆಯಲ್ಲಿ, ಸ್ಟುಡಿಯೋದಲ್ಲಿ ಬರೆಯುವ ಡಿಸ್ಕ್‌ಗಳಲ್ಲಿ ಮಾಹಿತಿ ಇರುವುದು ಬಣ್ಣದ ಪದರದಲ್ಲಿ. ಬಿಸಿಲು, ಶಾಖಕ್ಕೆ ಅದು ಹಾಳಾಗುತ್ತದೆ. ಸ್ಟುಡಿಯೋದವರು ಅಕ್ಕನ ಮದುವೆ ಚಿತ್ರೀಕರಿಸಿದ್ದ ಕ್ಯಾಸೆಟ್ ಮೇಲೆ ಬೇರೆ ಮದುವೆ ತೆಗೆದು ಎಷ್ಟೋ ಕಾಲವಾಗಿತ್ತು.

ಈಗ ನಿಮ್ಮ ವಿಷಯ. ಡಿಸ್ಕ್‌ನಲ್ಲಿರುವುದೇ ಕಂಪ್ರೆಸ್ ಆದ ವಿಡಿಯೋ, ಎಂಪೆಗ್-2. ನಿಜವಾಗಿ ಬಿಚ್ಚಿಟ್ಟರೆ ಎರಡು ಗಂಟೆಯ, 720x576 ಚುಕ್ಕಿಗಳ ಚಿತ್ರಕ್ಕೆ 110 ಜಿಬಿಗೂ ಹೆಚ್ಚು ಜಾಗ ಬೇಕು. ಅದು ನಿಮಗೆ ಬೇಡ, ಅದರಿಂದ ಕ್ವಾಲಿಟಿ ಏರುವುದೂ ಇಲ್ಲ. ಡಿಸ್ಕ್‌ನಲ್ಲಿರುವ ಬಿಟ್‌ಗಳನ್ನು ಇದ್ದ ಹಾಗೇ ಎತ್ತಿಕೊಳ್ಳಿ, ಸಾಕು. ಮದುವೆ ಡಿಸ್ಕ್‌ಗೆ ಸಾಮಾನ್ಯವಾಗಿ ಲಾಕ್ ಇರುವುದಿಲ್ಲ. ಇಮ್ಗ್‌ಬರ್ನ್ ಥರದ ಸಾಫ್ಟ್‌ವೇರ್‌ನಲ್ಲಿ ಐಎಸ್‌ಒ ಫೈಲ್ (ಇಡೀ ಡಿಸ್ಕ್‌ನ ಪ್ರತಿ ಒಂದೇ ಫೈಲಾಗಿ) ಮಾಡಿ, ಅಥವಾ ಡಿಸ್ಕ್‌ನಲ್ಲಿ ವಿಡಿಯೋ ಇರುವ ವಿಡಿಯೋ_ಟಿಎಸ್ ಫೋಲ್ಡರ್ ಅನ್ನೇ ಹಾರ್ಡ್ ಡಿಸ್ಕ್‌ಗೆ ಎಳೆದು ಹಾಕಿ. ಎರಡೂ ಒಂದೇ. ಎಂಪಿ4 ಮಾಡಿಸಿ ಅನ್ನೋರ ಮಾತು ಕೇಳಬೇಡಿ, ಅದರಲ್ಲಿ ಸಾಮಾನ್ಯವಾಗಿ ವಿಡಿಯೋ ಮತ್ತೊಮ್ಮೆ ಕಂಪ್ರೆಸ್ ಆಗುತ್ತದೆ. ಫೋನಿನಲ್ಲಿ ನೋಡಲು ಬೇಕಾದರೆ ಆಮೇಲೆ ಐಎಸ್‌ಒದಿಂದ ಮಾಡಿಕೊಳ್ಳಿ. 1080ಪಿಗೆ ಏರಿಸಿ ಕೊಡುತ್ತೇವೆ ಅನ್ನೋರಿಗಂತೂ ದುಡ್ಡು ಕೊಡಬೇಡಿ. ಇಲ್ಲದ ವಿವರವನ್ನು ಅವರು ಎಲ್ಲಿಂದ ತರುತ್ತಾರೆ?

ಕಾಪಿಯನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿದಾಗ ಕೈ ಬೀಸಿದ ಕಡೆ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಗಾಬರಿ ಬೇಡ. ಈ ವಿಡಿಯೋದಲ್ಲಿ ಬೆಸ ಗೆರೆಗಳು, ಸಮ ಗೆರೆಗಳು ಬೇರೆ ಬೇರೆ ಕ್ಷಣದಲ್ಲಿ ತೆಗೆದವು. ಮೂಲದಲ್ಲೂ ಹಾಗೇ ಇದೆ, ಡಿವಿಡಿ ಪ್ಲೇಯರ್ ಅಥವಾ ಟಿವಿ ಅದನ್ನು ಸರಿಮಾಡಿ ತೋರಿಸುತ್ತಿತ್ತು, ಅಷ್ಟೇ. ವಿಎಲ್‌ಸಿ ಪ್ಲೇಯರ್‌ನಲ್ಲಿ ಡಿಇಂಟರ್‌ಲೇಸ್ (ಈ ಗೆರೆ ಸರಿಮಾಡುವ ಆಯ್ಕೆ) ಆನ್ ಮಾಡಿ.

ನಿಮ್ಮ ಹತ್ತಿರ ವಿಸಿಡಿ ಕೂಡ ಇದ್ದರೆ ಐಎಸ್‌ಒ ಸರಿಯಾಗಿ ಬರುವುದಿಲ್ಲ, ಅದರಲ್ಲಿ ಮಾಹಿತಿ ತುಂಬಿಡುವ ತುಣುಕುಗಳ (ಸೆಕ್ಟರ್) ರೀತಿಯೇ ಬೇರೆ. ಬಿನ್-ಕ್ಯೂ ಅನ್ನುವ ಜೋಡಿ ಫೈಲ್ ಆಗಿ ತೆಗೆಯಿರಿ. ಗೀಚು ಬಿದ್ದು ನಡುವೆ ನಿಲ್ಲುವ ಡಿಸ್ಕ್‌ಗೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್ ಒಳ್ಳೆಯದು. ಓದಲು ಬಂದದ್ದನ್ನು ಮೊದಲು ಎತ್ತಿಕೊಂಡು, ಬಾರದ ಜಾಗಕ್ಕೆ ಆಮೇಲೆ ಮತ್ತೆ ಮತ್ತೆ ಬರುತ್ತದೆ. ಎಲ್ಲಿವರೆಗೆ ಓದಿತು ಅಂತ ಅದು ಬರೆದಿಡುವ ಮ್ಯಾಪ್ ಫೈಲ್ ಇಟ್ಟುಕೊಂಡು ಇನ್ನೊಂದು ಡ್ರೈವ್‌ನಲ್ಲೂ ಮುಂದುವರಿಸಬಹುದು. ಒಂದು ಡ್ರೈವ್‌ಗೆ ಓದಲಾಗದ್ದು ಇನ್ನೊಂದಕ್ಕೆ ಆಗುವುದುಂಟು. ಕಾಪಿಯನ್ನು ಎರಡು ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇಡಿ, ಈ ವಾರವೇ ಮಾಡಿ. ಆಮೇಲೂ ಮೂಲ ಡಿಸ್ಕನ್ನು ಯಾರಿಗೂ ಕೊಡಬೇಡಿ, ಕೇಳಿದವರಿಗೆ ಕಾಪಿ ಕೊಡಿ.