ಹದಿನಾರು ಮೀಟರ್ ದಾರ, ಒಂದು ಕ್ಯಾಪ್ಸೂಲ್

ಓದುಗರ ಪತ್ರ: ಬ್ಯಾಕ್ಟೀರಿಯಾಕ್ಕೆ ಕೋಶಕೇಂದ್ರ ಇಲ್ಲ, ಅದರ ಡಿಎನ್‌ಎ ಒಳಗೆ ಸುಮ್ನೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ತರಗತಿಯಲ್ಲಿ ಇದನ್ನು ಓದಿದಾಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು "ಹಾಗಾದ್ರೆ ಅದು ಗಂಟು ಬೀಳಲ್ವಾ ಸಾರ್?" ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ.
– ಪ್ರೌಢಶಾಲಾ ಶಿಕ್ಷಕರು, ಹಾಸನ ಜಿಲ್ಲೆ

ಸಂಪಾದಕರ ಉತ್ತರ:

ಪ್ರಿಯ ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿ ಕೇಳಿದ್ದೇ ಸರಿ. "ಚೆಲ್ಲಾಪಿಲ್ಲಿ" ಎಂದು ನಾವು ಬರೆದದ್ದು ತಪ್ಪು.

ನಮ್ಮ ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನೇ ತಗೊಳ್ಳಿ. ಅದರ ಕ್ರೋಮೋಸೋಮ್, ಅಂದರೆ ಡಿಎನ್‌ಎ ದಾರ, ಒಂದು ಬಳೆಯ ಹಾಗೆ, ತುದಿಗಳಿಲ್ಲ. 1963ರಲ್ಲಿ ಜಾನ್ ಕೇರ್ನ್ಸ್ ವಿಕಿರಣ ಸೂಸುವ ಥೈಮಿಡಿನ್ (ಡಿಎನ್‌ಎ ಕಟ್ಟಲು ಬೇಕಾದ ವಸ್ತು) ಉಣಿಸಿ ಬೆಳೆಸಿದ ಬ್ಯಾಕ್ಟೀರಿಯಾಗಳನ್ನು ಮೆಲ್ಲಗೆ ಒಡೆದು, ಹೊರಬಂದ ಡಿಎನ್‌ಎ ತನ್ನ ಗುರುತನ್ನು ತಾನೇ ಫಿಲ್ಮಿನ ಮೇಲೆ ಮೂಡಿಸುವಂತೆ ಮಾಡಿದರು. ಕಂಡದ್ದು ಬಳೆ. ಅದರಲ್ಲಿ ಡಿಎನ್‌ಎಯ ಬರಹದ ಸುಮಾರು 46 ಲಕ್ಷ ಅಕ್ಷರಜೋಡಿಗಳಿವೆ. ಬಿಡಿಸಿದರೆ ಉದ್ದ ಸುಮಾರು 1.6 ಮಿಲಿಮೀಟರ್. ಜೀವಕೋಶದ ಉದ್ದವೋ, ಬರೀ 2 ಮೈಕ್ರೋಮೀಟರ್.

ಎಲ್ಲವನ್ನೂ ಹತ್ತು ಸಾವಿರ ಪಟ್ಟು ದೊಡ್ಡದು ಮಾಡೋಣ. ಜೀವಕೋಶ ಎರಡು ಸೆಂಟಿಮೀಟರಿನ ಕ್ಯಾಪ್ಸೂಲ್ ಆಗುತ್ತದೆ. ಅದರೊಳಗೆ 16 ಮೀಟರ್ ದಾರ, ತಲೆಕೂದಲಿಗಿಂತ ತೆಳ್ಳಗಿನದು. ಅಷ್ಟು ಉದ್ದವಿದ್ದರೂ ಆ ದಾರ ಕ್ಯಾಪ್ಸೂಲಿನ ಜಾಗದಲ್ಲಿ ನೂರಕ್ಕೆ ಒಂದು ಪಾಲನ್ನೂ ತುಂಬುವುದಿಲ್ಲ! ಲೆಕ್ಕ ಹಾಕಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ತುರುಕುವುದು ಕಷ್ಟವಲ್ಲ. ತುರುಕಿದ ದಾರವನ್ನು ಗಂಟಾಗದಂತೆ ಇಟ್ಟುಕೊಂಡು, ಬೇಕೆಂದ ಕಡೆ ಆ ಕ್ಷಣದಲ್ಲೇ ಬಿಚ್ಚಿ ಓದುವುದು ಕಷ್ಟ. ಹುಡುಗಿ ಕೈಯಿಟ್ಟದ್ದು ಅಲ್ಲಿಗೇ.

ತರಗತಿಯಲ್ಲಿ ಒಂದು ಪ್ರಯೋಗ ಮಾಡಿ. ಎರಡೆಳೆಯ ತೆಂಗಿನ ನಾರಿನ ಹಗ್ಗ ಒಂದು ಮಾರು ಸಾಕು. ಇಬ್ಬರು ಮಕ್ಕಳು ಎರಡು ತುದಿ ಹಿಡಿಯಲಿ. ಒಬ್ಬರು ಹುರಿಗೆ ವಿರುದ್ಧವಾಗಿ, ಅಂದರೆ ಬಿಚ್ಚುವ ದಿಕ್ಕಿಗೆ, ತಿರುಚುತ್ತಾ ಹೋಗಲಿ. ಎಳೆಗಳ ನಡುವೆ ಸಂದು ಬಿಡುವುದು ಕಾಣುತ್ತದೆ. ಈಗ ತುದಿಗಳನ್ನು ಹತ್ತಿರ ತನ್ನಿ. ಹಗ್ಗ ತನ್ನ ಮೈಗೆ ತಾನೇ ಸುತ್ತಿಕೊಂಡು ಗಿಡ್ಡವಾಗುತ್ತದೆ. ಗೈರೇಸ್ ಎಂಬ ಕಿಣ್ವ ಡಿಎನ್‌ಎಗೆ ಮಾಡುವುದು ಇದನ್ನೇ. 1976ರಲ್ಲಿ ಮಾರ್ಟಿನ್ ಗೆಲರ್ಟ್ ಮತ್ತು ಸಂಗಡಿಗರು ಇದನ್ನು ಕಂಡುಹಿಡಿದರು. ಒಂದೇ ತಿರುಚಿನಲ್ಲಿ ಎರಡು ಲಾಭ: ದಾರ ಮುದುಡುತ್ತದೆ, ಓದಲು ಎಳೆ ಬಿಚ್ಚುವುದೂ ಸುಲಭವಾಗುತ್ತದೆ. ಇಷ್ಟು ಚೆಂದದ ಏರ್ಪಾಡು ಬೇರೆ ಕಡೆ ನೋಡಿದ ನೆನಪು ನನಗಿಲ್ಲ.

ಹೀಗೆ ತಿರುಚಿದ ದಾರವನ್ನು ಎಲ್ಲೋ ಒಂದು ಕಡೆ ಕತ್ತರಿಸಿದರೆ ಇಡೀ ಬಳೆ ಸಡಿಲವಾಗಬೇಕು, ಅಲ್ವಾ? ಆಗುವುದಿಲ್ಲ. ಅದು ನೂರಾರು ಕುಣಿಕೆಗಳಾಗಿ ಬೇರೆ ಬೇರೆ ಇರುತ್ತದೆ. ಒಂದು ಸಡಿಲಾದರೆ ಉಳಿದವು ಬಿಗಿಯಾಗಿಯೇ ಇರುತ್ತವೆ. ಎಚ್‌ಯು, ಐಎಚ್‌ಎಫ್, ಫಿಸ್ ಎಂಬ ಪುಟ್ಟ ಪ್ರೋಟೀನ್‌ಗಳು ದಾರವನ್ನು ಅಲ್ಲಲ್ಲಿ ಬಗ್ಗಿಸುತ್ತವೆ. ಎಚ್-ಎನ್‌ಎಸ್ ದೂರದ ತುಂಡುಗಳನ್ನು ಸೇತುವೆಯಂತೆ ಜೋಡಿಸಿ, ಹೊರಗಿಂದ ಬಂದ ಎಷ್ಟೋ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ. ಆಹಾರ ಮುಗಿದಾಗ ಡಿಪಿಎಸ್ ಎಂಬುದು ಜಾಸ್ತಿಯಾಗಿ, ಡಿಎನ್‌ಎಯನ್ನು ಹರಳಿನಂತೆ ಒತ್ತೊತ್ತಾಗಿ ಜೋಡಿಸಿ ಕಾಪಾಡುತ್ತದೆ. ಮುಕ್‌ಬಿ ಎಂಬ ಪ್ರೋಟೀನ್ ಇರುವ ಯಂತ್ರ ದೊಡ್ಡ ಕುಣಿಕೆಗಳನ್ನು ಹಿಡಿಯುತ್ತದೆ. ಈ ಮುದ್ದೆಗೆ ನ್ಯೂಕ್ಲಿಯಾಯ್ಡ್ ಎಂದು ಹೆಸರು. ಸುತ್ತ ಪೊರೆ ಇಲ್ಲ, ಅಷ್ಟೆ.

ಯಾವ ಜೀನ್ ಎಲ್ಲಿರಬೇಕು ಎಂಬುದಕ್ಕೂ ಲೆಕ್ಕವಿದೆ. ಕಾಲೊಬ್ಯಾಕ್ಟರ್ ಎಂಬ ನೀರಿನ ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎಯ ನಕಲು ಶುರುವಾಗುವ ಜಾಗ ಜೀವಕೋಶದ ಒಂದು ತುದಿಯಲ್ಲಿ, ಮುಗಿಯುವ ಜಾಗ ಇನ್ನೊಂದು ತುದಿಯಲ್ಲಿ. ಇ. ಕೋಲಿಯ ಮರಿಕೋಶದಲ್ಲಿ ಶುರುವಾಗುವ ಜಾಗ ನಡುವೆ, ಬಳೆಯ ಎರಡು ತೋಳುಗಳು, ಅಂದರೆ ಆ ಜಾಗದಿಂದ ಎರಡು ಕಡೆಗೆ ಹೋಗುವ ಅರ್ಧಗಳು, ಆಚೆಗೊಂದು ಈಚೆಗೊಂದು.

ಇನ್ನು ಗಂಟಿನ ವಿಷಯ. ನಕಲು ಮಾಡುವ ಯಂತ್ರ ಸೆಕೆಂಡಿಗೆ ಸುಮಾರು ಸಾವಿರ ಅಕ್ಷರ ಓಡುತ್ತದೆ. ಹತ್ತೂವರೆ ಅಕ್ಷರಕ್ಕೊಂದು ಸುತ್ತು ಎಂದರೆ, ಸೆಕೆಂಡಿಗೆ ನೂರರ ಹತ್ತಿರ ಸುತ್ತು ಬಿಚ್ಚಬೇಕು. ಮುಂದಿನ ದಾರದಲ್ಲಿ ಹುರಿ ಏರುತ್ತಾ ಹೋಗುತ್ತದೆ. ಗೈರೇಸ್ ಎರಡೂ ಎಳೆ ಕತ್ತರಿಸಿ, ಸಂದಿನಲ್ಲಿ ಇನ್ನೊಂದು ತುಂಡು ದಾಟಿಸಿ, ಮತ್ತೆ ಬೆಸೆದು ಬಿಗಿ ಇಳಿಸುತ್ತದೆ. ನಕಲು ಮುಗಿದಾಗ ಹಳೆಯ ಬಳೆಯಿಂದಾದ ಎರಡು ಬಳೆಗಳು ಸರಪಳಿಯ ಕೊಂಡಿಗಳಂತೆ ಸಿಕ್ಕಿಕೊಂಡಿರುತ್ತವೆ. ಅವನ್ನು ಬಿಡಿಸುವುದು ಗೈರೇಸಿನ ಅಣ್ಣತಮ್ಮ, ಟೋಪೊಐಸೊಮರೇಸ್ 4 ಎಂಬ ಕಿಣ್ವ. ಹಾಗಾಗಿ ಹುಡುಗಿಗೆ ಹೇಳಿ: ಗಂಟು ಬೀಳುತ್ತದೆ ಮಗಳೇ, ಬಿಡಿಸುವವರೂ ಅಲ್ಲೇ ಇದ್ದಾರೆ.

ಈ ಬಿಡಿಸುವವರನ್ನು ತಡೆದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಡಾಕ್ಟರು ಬರೆದುಕೊಡುವ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಮಾಡುವುದು ಅದನ್ನೇ. ಗೈರೇಸ್ ಕತ್ತರಿಸಿದ್ದನ್ನು ಬೆಸೆಯಲು ಅದು ಬಿಡುವುದಿಲ್ಲ. ಕ್ಷಯದ ಬ್ಯಾಕ್ಟೀರಿಯಾದ ಗೈರೇಸ್ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವರ್ಷಗಟ್ಟಲೆ ಕೆಲಸ ನಡೆದಿದೆ.

ಮುಂದಿನ ಸಂಚಿಕೆಯ ತಿದ್ದುಪಡಿಯಲ್ಲಿ "ಚೆಲ್ಲಾಪಿಲ್ಲಿ" ಎಂಬ ಮಾತನ್ನು ತೆಗೆದು, ನ್ಯೂಕ್ಲಿಯಾಯ್ಡ್ ಬಗ್ಗೆ ಎರಡು ಸಾಲು ಸೇರಿಸುತ್ತೇವೆ. ಹಗ್ಗದ ಪ್ರಯೋಗ ಹೇಗಾಯಿತೆಂದು ಆ ಹುಡುಗಿಯಿಂದಲೇ ಬರೆಸಿ ಕಳಿಸಿ.